ಫೈಲಿನಲ್ಲಿದ್ದ ಸಂಪಿಗೆ

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ವೆಂಕಟಾಚಲ ಸ್ನಾನಕ್ಕೆ ಹೋಗಿದ್ದರು. ಆ ಹತ್ತು ನಿಮಿಷದಲ್ಲಿ ಅವರ ಹೆಂಡತಿ ಆಂಡಾಳ್, ಟ್ಯಾಬಿನಲ್ಲಿ ಅವರು ಬರೆದಿಟ್ಟಿದ್ದ ಸಂಪಿಗೆ ಹೂವನ್ನು ತಮ್ಮ ಫೋನಿನಲ್ಲಿ ಫೋಟೋ ಹೊಡೆದು, ಸಂಪಿಗೆ ಬಳಗದ ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟರು. ಕೆಳಗೆ ಒಂದು ಸಾಲು ಬೇರೆ: 'ನಮ್ಮನೆಯವರು ಬರೆದಿದ್ದು. ಹೇಗಿದೆ ಹೇಳಿ.'

ಮಲ್ಲೇಶ್ವರದಲ್ಲಿ ಹೇಗಿದೆ ಹೇಳಿ ಅಂತ ಯಾರನ್ನೂ ಕೇಳಬಾರದು. ಕೇಳದೇ ಹೇಳುವ ಜನ. ಕೇಳಿದರಂತೂ ಮನೆಗೇ ಬಂದು, ಕಾಫಿ ಕುಡಿದು, ಹೇಳಿ ಹೋಗುತ್ತಾರೆ. ಮೂವತ್ತು ವರ್ಷ ಅಲ್ಲೇ ಸಂಸಾರ ಮಾಡಿದ ಆಂಡಾಳ್‌ಗೆ ಇದು ಗೊತ್ತಿರಲಿಲ್ಲವೇ ಅಂದರೆ, ಗೊತ್ತಿತ್ತು. ಗಂಡನ ಮೇಲಿನ ಹೆಮ್ಮೆಯಲ್ಲಿ ಆ ಗಳಿಗೆಗೆ ಮರೆತುಹೋಯಿತು, ಅಷ್ಟೇ.

ಆ ಹೂವಿಗೊಂದು ಹಿನ್ನೆಲೆ ಇದೆ. ಸಂಪಿಗೆ ಬಳಗ ಅಂದರೆ ಆ ನಾಲ್ಕೈದು ಕ್ರಾಸುಗಳ ನಿವಾಸಿಗಳ ಸಂಘ. ಅದಕ್ಕೆ ಈ ವರ್ಷ ಐವತ್ತು ತುಂಬಿತು. ಮುಂದಿನ ಭಾನುವಾರ ಸಮಾರಂಭ, ಅದಕ್ಕೊಂದು ಸ್ಮರಣ ಸಂಚಿಕೆ. ಸಂಚಿಕೆಯ ಮುಖಪುಟಕ್ಕೆ ಸಂಪಿಗೆ ಹೂವಿನ ಚಿತ್ರ ಬರೆದುಕೊಡುವ ಕೆಲಸವನ್ನು ವೆಂಕಟಾಚಲ ತಾವಾಗಿಯೇ ಒಪ್ಪಿಕೊಂಡಿದ್ದರು. ಚಾಮರಾಜಪೇಟೆಯ ಪ್ರೆಸ್ಸಿಗೆ ಇವತ್ತು ಸಂಜೆ ಐದು ಗಂಟೆಯೊಳಗೆ ಫೈಲು ತಲುಪಬೇಕು.

ತಾವಾಗಿಯೇ ಯಾಕೆ ಒಪ್ಪಿಕೊಂಡರು ಅಂದರೆ, ಹೆಸರಿಗಾಗಿ. ಇದನ್ನು ಅವರು ಯಾರ ಮುಂದೆಯೂ ಬಾಯಿಬಿಟ್ಟು ಹೇಳಿದವರಲ್ಲ. ಐವತ್ತೇಳು ವರ್ಷದ ಜೀವನದಲ್ಲಿ ಅಚ್ಚಿನಲ್ಲಿ ಅವರ ಹೆಸರು ಒಮ್ಮೆಯೂ ನೆಟ್ಟಗೆ ಬಂದಿರಲಿಲ್ಲ. ತಂಗಿಯ ಮದುವೆ ಪತ್ರಿಕೆಯಲ್ಲಿ 'ಸುಖಾಗಮನ ಬಯಸುವವರು' ಎಂಬಲ್ಲಿ ಹದಿನೇಳು ಹೆಸರಿತ್ತು. ಮನೆಮನೆ ಸುತ್ತಿ ಪತ್ರಿಕೆ ಹಂಚಿದ ಇವರದೊಂದೇ ಬಿಟ್ಟುಹೋಗಿತ್ತು. ಇವರು ಸೂಪರಿಂಟೆಂಡೆಂಟ್ ಆಗಿರುವ ಕಾಲೇಜಿನ ಬೆಳ್ಳಿಹಬ್ಬದಲ್ಲಿ ಕೊಟ್ಟ ಫಲಕದ ಮೇಲೆ 'ವೆಂಕಟೇಶ್' ಅಂತಿತ್ತು. ಗ್ಯಾಸಿನ ಪುಸ್ತಕದಲ್ಲಿ 'ವೆಂಕಟಮ್ಮ'. ತಿದ್ದಿಸಲು ಹೋದರೆ, ವೆಂಕಟಮ್ಮನವರನ್ನೇ ಕರೆದುಕೊಂಡು ಬನ್ನಿ ಅಂದರಂತೆ. ಹೀಗಾಗಿ ನಾನೂರು ಪ್ರತಿಯ ಸಂಚಿಕೆಯಲ್ಲಿ ಒಂದು ಕಡೆ ತಮ್ಮ ಹೆಸರು ತಪ್ಪಿಲ್ಲದೆ ಬಂದುಬಿಟ್ಟರೆ ಸಾಕು, ಇನ್ನೇನೂ ಬೇಡ ಅಂತ ಪಾಪ, ಅವರಿಗೆ ಒಳಗೊಳಗೇ ಆಸೆ.

ಚಿತ್ರ ಬರೆಯಲು ಕಲಿಸಿದ್ದು ಮಗಳು ಸುಪ್ರಜಾ. ಹೊಸ ಟ್ಯಾಬ್ ತಗೊಂಡ ಮೇಲೆ ಹಳೆಯದನ್ನು ಅಪ್ಪನ ಕೈಗಿಟ್ಟು, ಜಲವರ್ಣದ ಆ್ಯಪೊಂದನ್ನು ಹಾಕಿಕೊಟ್ಟಿದ್ದಳು. ನೀರಿಲ್ಲ, ಬಣ್ಣವಿಲ್ಲ, ಆದರೂ ಪೆನ್ನು ಒತ್ತಿದ ಕಡೆ ಒದ್ದೆ ಕಾಗದದ ಮೇಲೆ ಹಬ್ಬಿದ ಹಾಗೆ ಬಣ್ಣ ಮೆಲ್ಲಗೆ ಹಬ್ಬುತ್ತಿತ್ತು. ಅಂಚಿನಲ್ಲಿ ಒಣಗಿ ಗಾಢವಾಗುತ್ತಿತ್ತು. ಆಂಡಾಳ್‌ಗೂ ಸಮಾಧಾನ. ಹಿಂದೆ ನಿಜವಾದ ಬಣ್ಣದಲ್ಲಿ ಬರೆಯುವಾಗ ಇವರು ಒಂದು ಸಲ ಬ್ರಷ್ಷನ್ನು ಡಿಕಾಕ್ಷನ್ ಲೋಟಕ್ಕೆ ಅದ್ದಿ, ಅದೇ ಡಿಕಾಕ್ಷನ್ನಿನ ಕಾಫಿ ನೆಂಟರಿಗೆ ಹೋಗಿತ್ತು.

ಎಲ್ಲಕ್ಕಿಂತ ಅವರಿಗೆ ಹಿಡಿಸಿದ್ದು ಲೇಯರ್ ಎಂಬ ವಿದ್ಯೆ. "ಅಪ್ಪ, ಒಂದರ ಮೇಲೊಂದು ಬಟರ್ ಪೇಪರ್ ಇಟ್ಟ ಹಾಗೆ ಅನ್ಕೋ. ಒಂದೊಂದು ಹಾಳೇಲಿ ಒಂದೊಂದು ಬರಿ. ಪಕ್ಕದಲ್ಲಿ ಕಣ್ಣಿನ ಗುರುತು ಇದೆಯಲ್ಲ, ಅದನ್ನ ಒತ್ತಿದ್ರೆ ಆ ಹಾಳೆ ಮಾಯ. ಮತ್ತೆ ಒತ್ತಿದ್ರೆ ವಾಪಸ್ಸು" ಅಂದಿದ್ದಳು ಸುಪ್ರಜಾ. ಕಣ್ಣು ಮುಚ್ಚಿದರೆ ಮಾಯ, ತೆರೆದರೆ ಹಾಜರು. ಕಾಲೇಜಿನ ಕಚೇರಿಯಲ್ಲೂ ಎದುರಿಗೆ ಬಂದು ನಿಲ್ಲುವವರ ಪಕ್ಕ ಹೀಗೊಂದು ಕಣ್ಣು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ವೆಂಕಟಾಚಲ ಆಗ ಅಂದುಕೊಂಡಿದ್ದರು.

ಹನ್ನೊಂದು ಭಾನುವಾರ ಕೂತು ಆ ಹೂವು ಬರೆದರು. ತಿಳಿ ಹಳದಿ ಒಂದು ಹಾಳೆಯಲ್ಲಿ, ನೆರಳು ಇನ್ನೊಂದರಲ್ಲಿ, ಎಸಳಿನ ಗೆರೆ ಮತ್ತೊಂದರಲ್ಲಿ. ಎಲ್ಲ ಮನಸ್ಸಿಗೆ ಬಂದ ಮೇಲೆ ಸೇರಿಸಿ ಒಂದೇ ಲೇಯರ್ ಮಾಡಿದರು. ಆ್ಯಪು ಅದಕ್ಕೆ ತಾನೇ 'ಲೇಯರ್ 1' ಅಂತ ಹೆಸರಿಟ್ಟಿತು. ತಮ್ಮ ಹೂವು ತಮಗೆ ಗೊತ್ತಿಲ್ಲವೇ ಅಂತ ವೆಂಕಟಾಚಲ ಅದನ್ನು ಬದಲಾಯಿಸಲಿಲ್ಲ. ಮೂಲೆಯಲ್ಲಿ ಸಹಿ ಹಾಕಿದರು, ಅದು 'ಲೇಯರ್ 2' ಆಯಿತು.

ಸ್ನಾನ ಮುಗಿಸಿ ಹೊರಗೆ ಬರುವಷ್ಟರಲ್ಲಿ ಬಾಗಿಲಲ್ಲಿ ದ್ರೌಪದಮ್ಮ ನಿಂತಿದ್ದಳು. ದಿನಾ ಬೆಳಿಗ್ಗೆ ಮನೆಗೆ ಹೂ ಕೊಡುವವಳು. ಆಂಡಾಳ್ ಅವಳಿಗೂ ಟ್ಯಾಬ್ ತೋರಿಸಿ ಆಗಿತ್ತು.

"ಹೂವ ಚೆನ್ನಾಗೈತೆ ಸ್ವಾಮಿ. ಆದ್ರೆ ಇದು ನೆನ್ನೆ ಹೂವ" ಅಂದಳು ದ್ರೌಪದಮ್ಮ.

"ನೆನ್ನೇದಾ?"

"ಬಣ್ಣ ಇಳ್ದೋಗೈತಲ್ಲ. ಬೆಳಿಗ್ಗೆ ಕಿತ್ತಿದ್ದು ಹಿಂಗಿರಲ್ಲ. ಇನ್ನೊಂಚೂರು ಕೆಂಪು ತಿರುಗಿರ್ಬೇಕು. ಇಂಥದ್ದು ನಾನು ಕೊಟ್ರೆ ನಮ್ಮಮ್ಮಾವ್ರು ತಗೋತಾರಾ ಕೇಳಿ."

ತಗೊಳ್ಳುವುದಿಲ್ಲ ಅಂತ ಆಂಡಾಳ್ ಒಪ್ಪಿಕೊಂಡರು.

ವೆಂಕಟಾಚಲ ಒಳ್ಳೆಯ ಮನುಷ್ಯ, ಇಲ್ಲ ಅನ್ನುವುದು ಅವರಿಂದಾಗದು. ಕಚೇರಿಯಲ್ಲೂ ಅಷ್ಟೇ. ಮೂವತ್ತು ವರ್ಷದಲ್ಲಿ ಒಂದು ಅರ್ಜಿಯನ್ನೂ ಅವರು ತಿರಸ್ಕರಿಸಿಲ್ಲ. ಬಂದದ್ದನ್ನೆಲ್ಲ ವಿನಯದಿಂದ ತಗೊಂಡು, ಅರ್ಜಿದಾರರ ಹೆಸರು ಬರೆದು, ಫೈಲಿಗೆ ಸೇರಿಸಿ, ಬೀರುವಿನಲ್ಲಿ ಇಡುತ್ತಾರೆ. ಯಾರಾದರೂ ಬಂದು ಏನಾಯ್ತು ಸಾರ್ ಅಂದರೆ, "ಫೈಲ್‌ನಲ್ಲಿದೆ" ಅನ್ನುತ್ತಾರೆ. ಈ ಒಂದೇ ಪದದಿಂದ ಅವರು ಮೂರು ಪ್ರಿನ್ಸಿಪಾಲರನ್ನು ದಾಟಿದ್ದಾರೆ.

ಈಗಲೂ ಅದನ್ನೇ ಮಾಡಿದರು. ಹೊಸ ಲೇಯರ್ ತೆರೆದು, ಹೂವಿನ ಮೇಲೆ ಒಂದು ಪದರ ಕೆಂಪು ಹಬ್ಬಿಸಿ, ಮರೆಯದಿರಲಿ ಅಂತ ಅದಕ್ಕೆ 'ದ್ರೌಪದಮ್ಮ' ಅಂತ ಹೆಸರು ಕೊಟ್ಟರು. ಅವಳು ನೋಡಿ ತಲೆಯಾಡಿಸಿ ಹೋದಳು. ಅವಳು ಗೇಟು ದಾಟಿದ ಕೂಡಲೇ ಆ ಲೇಯರಿನ ಕಣ್ಣು ಮುಚ್ಚಿದರು. ತಿಳಿ ಹಳದಿಯೇ ಅವರಿಗೆ ಇಷ್ಟ.

ಅಷ್ಟರಲ್ಲಿ ಪಕ್ಕದ ಮನೆಯ ಕಮಲಮ್ಮ ಬಂದರು. ಎಪ್ಪತ್ತರ ಹತ್ತಿರದವರು, ಬಳಗದ ಭಜನಾ ಮಂಡಳಿಯ ಮುಖ್ಯಸ್ಥೆ. ಕೈಯಲ್ಲಿ ಫೋನು, ಫೋನಿನಲ್ಲಿ ಸಂಪಿಗೆ.

"ಏನ್ರೀ ವೆಂಕಟಾಚಲ ಅವರೇ, ಎಲೆ ಎಲ್ರೀ? ಹೂವು ಒಂದೇ ಇದ್ರೆ ಬೋಳುಬೋಳಾಗಿ ಕಾಣ್ಸುತ್ತೆ. ಶುಭಕಾರ್ಯದ ಪುಸ್ತಕ. ಎರಡು ಎಲೆ ಹಾಕಿ."

"ಹೂವೊಂದೇ ಇರ್ಲಿ ಅಂತ..."

"ಒಂದೇ ಯಾಕಿರ್ಬೇಕು? ಜೊತೆಗೆ ಯಾರೂ ಇಲ್ವಾ ಅದಕ್ಕೆ? ಮತ್ತೆ ಇಲ್ಲೊಂದು ಹುಳ ಬಿದ್ದಿದೆಯಲ್ಲ" ಅಂತ ಕಮಲಮ್ಮ ಟ್ಯಾಬಿನ ಮೂಲೆಯನ್ನು ಸೆರಗಿನಿಂದ ಒರೆಸಿದರು. ಚಿತ್ರ ಜಾರಿಕೊಂಡು ಪಕ್ಕಕ್ಕೆ ಹೋಯಿತು, ಹುಳ ಹೋಗಲಿಲ್ಲ.

"ಅದು ಹುಳ ಅಲ್ಲಮ್ಮ. ನನ್ನ ಸಹಿ."

ಮೂವತ್ತು ವರ್ಷ ಫೈಲುಗಳ ಮೇಲೆ ಹಾಕಿ ಹಾಕಿ ಸವೆದುಹೋದ ಸಹಿ ಅದು. ಒಂದು ಡೊಂಕು ಗೆರೆ, ಕೊನೆಯಲ್ಲೊಂದು ಸುರುಳಿ, ಮೇಲೆ ಎರಡು ಚುಕ್ಕಿ. ಕಮಲಮ್ಮ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿ, ಇರಲಿ ಬಿಡಿ ಅಂದರು. ವೆಂಕಟಾಚಲ 'ಕಮಲಮ್ಮ' ಎಂಬ ಲೇಯರಿನಲ್ಲಿ ಎರಡು ಹಸಿರು ಎಲೆ ಬರೆದರು. ಅವರು ಮೆಟ್ಟಿಲಿಳಿದ ಮೇಲೆ ಎಲೆಗಳ ಕಣ್ಣೂ ಮುಚ್ಚಿತು.

ಹತ್ತು ಗಂಟೆಗೆ ಬಳಗದ ಅಧ್ಯಕ್ಷ ಲಕ್ಷ್ಮೀಶ ಅವರ ಫೋನು. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. "ಟ್ಯಾಬ್ ತಗೊಂಡು ಮನೆಗೆ ಬನ್ನಿ" ಅಂದರು, ಅಷ್ಟೇ.

ವೆಂಕಟಾಚಲ ಹೋದರು. ಲಕ್ಷ್ಮೀಶ ಡ್ರಾಯರಿನಿಂದ ಸ್ಟೀಲಿನ ಸ್ಕೇಲು ತೆಗೆದು ಟ್ಯಾಬಿನ ಗಾಜಿನ ಮೇಲಿಟ್ಟರು.

"ನೋಡಿ. ಎಡಗಡೆ ಎಸಳು ನಲವತ್ತೆರಡು ಮಿಲಿಮೀಟರ್. ಬಲಗಡೆದು ಮೂವತ್ತೊಂಬತ್ತು."

"ಹೂವು ಸಾರ್. ಹಾಗೇ ಇರುತ್ತೆ."

"ಹೂವು ಇರಬಹುದು. ನಾವು ಯಾಕೆ ಹಾಗೆ ಬರೀಬೇಕು?"

"ಇದನ್ನ ಎರಡು ಬೆರಳಲ್ಲಿ ಹಿಗ್ಗಿಸಿದ್ರೆ ಎಂಬತ್ತೂ ಆಗುತ್ತೆ ಸಾರ್."

"ಹಿಗ್ಗಿಸಬೇಡಿ. ಸಮ ಮಾಡಿ."

ಅವರ ಎದುರಿನಲ್ಲೇ ಕೂತು ವೆಂಕಟಾಚಲ 'ಲಕ್ಷ್ಮೀಶ' ಎಂಬ ಲೇಯರಿನಲ್ಲಿ, ಎಡಕ್ಕೂ ಬಲಕ್ಕೂ ಅಳತೆಗೆ ಸರಿಯಾಗಿ ಎಸಳು ಎಳೆದರು. ಹೂವು ಪೆರೇಡಿಗೆ ನಿಂತ ಹಾಗಾಯಿತು. ಲಕ್ಷ್ಮೀಶರಿಗೆ ತೃಪ್ತಿಯಾಗಿ ಸ್ಕೇಲು ಒಳಗಿಟ್ಟರು. ಆಮೇಲೆ ಅವರ ಕಣ್ಣು ಮೂಲೆಗೆ ಹೋಯಿತು.

"ಇದೇನು?"

"ಸಹಿ ಸಾರ್."

"ಬಳಗದ ಸಂಚಿಕೆ ಮೇಲೆ ಒಬ್ಬರ ಸಹಿ ಇದ್ರೆ ಮಿಕ್ಕವರು ಏನಂದ್ಕೋತಾರೆ? ತೆಗೆದುಬಿಡಿ. ಒಳಗೆ ಎರಡನೇ ಪುಟದಲ್ಲಿ 'ಮುಖಪುಟ ಚಿತ್ರ' ಅಂತ ಒಂದು ಸಾಲು ಇದ್ದೇ ಇರುತ್ತಲ್ಲ, ಅಲ್ಲಿ ಹೆಸರು ಬರುತ್ತೆ. ಪ್ರೆಸ್ಸಿನ ಹುಡುಗನಿಗೆ ನಿಮ್ಮನ್ನೇ ಕೇಳಿ ಹಾಕ್ಕೋ ಅಂತ ಹೇಳಿದೀನಿ."

ಸಹಿ ತೆಗೆಯಿರಿ ಅಂದಾಗ ವೆಂಕಟಾಚಲರ ಎದೆ ಧಸಕ್ಕಂದಿತ್ತು. ಅಚ್ಚಿನ ಸಾಲಿನ ಮಾತು ಕೇಳಿ ಮತ್ತೆ ಅರಳಿತು. ಸಹಿಯನ್ನು ಯಾರು ಓದುತ್ತಾರೆ? 'ಮುಖಪುಟ ಚಿತ್ರ: ವೆಂಕಟಾಚಲ' ಅಂತ ಅಚ್ಚುಕಟ್ಟಾಗಿ ಬಂದರೆ ಅದೇ ಮೇಲು. ಖುಷಿಯಿಂದಲೇ ಲೇಯರ್ 2ರ ಕಣ್ಣು ಮುಚ್ಚಿದರು. ದಾರಿಯಲ್ಲಿ ಆ ಸಾಲನ್ನು ಮನಸ್ಸಿನಲ್ಲೇ ನಾಲ್ಕು ಸಲ ಓದಿಕೊಂಡರು.

ನಾಲ್ಕನೇ ಸಲ ಓದುವಾಗ ಪ್ರಸನ್ನನ ಅಂಗಡಿ ಎದುರಾಯಿತು. ಪ್ರಸನ್ನ ಬಳಗದ ಖಜಾಂಚಿ. ಎಂಟನೇ ಕ್ರಾಸಿನಲ್ಲಿ ಕಾಫಿಪುಡಿ, ಜೇನುತುಪ್ಪ ಮಾರುತ್ತಾನೆ. ಸಂಚಿಕೆಯ ಹಿಂಬದಿಗೆ ಅವನ ಜೇನುತುಪ್ಪದ್ದೇ ಜಾಹೀರಾತು.

"ಸಾರ್, ಬನ್ನಿ ಬನ್ನಿ. ಹೂವು ಸೂಪರ್. ಅದರ ಮೇಲೆ ಒಂದು ಜೇನು ಕೂರ್ಸಿಬಿಡಿ. ಮುಂದೆ ಜೇನು, ಹಿಂದೆ ಜೇನುತುಪ್ಪ. ಮ್ಯಾಚ್ ಆಗುತ್ತೆ."

"ಸಂಪಿಗೆ ಹತ್ರ ದುಂಬಿ ಸುಳಿಯೋದಿಲ್ಲ ಪ್ರಸನ್ನ. ಅಜ್ಜಿ ಕಾಲದಿಂದ ಹೇಳೋ ಮಾತು."

"ಅದು ದುಂಬಿ ಸಾರ್. ನಾನು ಹೇಳ್ತಿರೋದು ಜೇನು. ಜೇನಿಗೆ ಆ ರೂಲ್ಸ್ ಇಲ್ಲ."

ವಾದ ಮಾಡುವ ಶಕ್ತಿ ವೆಂಕಟಾಚಲರಿಗೆ ಇರಲಿಲ್ಲ. ಗಲ್ಲಾದ ಪಕ್ಕ ಟ್ಯಾಬ್ ಇಟ್ಟುಕೊಂಡು 'ಪ್ರಸನ್ನ' ಎಂಬ ಲೇಯರಿನಲ್ಲಿ ಜೇನು ಬರೆಯತೊಡಗಿದರು. ಕಾಫಿಪುಡಿಗೆ ಬಂದವರು ಪುಡಿ ಮರೆತು ಸುತ್ತ ನಿಂತರು. ಕಾಲು ಆರು ಇರಬೇಕು ಅಂದರೊಬ್ಬರು. ರೆಕ್ಕೆ ನಾಲ್ಕು, ತಮ್ಮ ಮಗ ಬಯಾಲಜಿ ಓದಿದ್ದಾನೆ ಅಂದರು ಇನ್ನೊಬ್ಬರು. ಹೊಟ್ಟೆ ದಪ್ಪವಾಯಿತು ಅಂದವರ ಮಾತಿಗೆ ತೆಳ್ಳಗೆ ಮಾಡಿದರೆ, ಈಗ ಸೊಳ್ಳೆ ಆಯಿತು ಅಂತ ಪ್ರಸನ್ನನೇ ಬೇಜಾರು ಮಾಡಿಕೊಂಡ. ಮತ್ತೆ ದಪ್ಪ ಮಾಡಿದರು. ಕೊನೆಗೆ ಬಂದ ಜೇನನ್ನು ನೋಡಿ ಒಬ್ಬ ಅಜ್ಜಿ, ಗಣೇಶನ ಇಲಿ ಎಷ್ಟು ಮುದ್ದಾಗಿದೆ ಅಂತ ಕೈಮುಗಿದು ಅರ್ಧ ಕೇಜಿ ಪೀಬೆರಿ ಕಾಫಿಪುಡಿ ತಗೊಂಡು ಹೋದರು.

ಮನೆಗೆ ಬಂದು ಊಟ ಮುಗಿಸಿ ವೆಂಕಟಾಚಲ ಎಲ್ಲ ಲೇಯರುಗಳ ಕಣ್ಣನ್ನೂ ಒಮ್ಮೆಲೇ ತೆರೆದರು. ಎಲೆ, ಕೆಂಪು, ಪೆರೇಡಿನ ಎಸಳು, ಮೇಲೊಂದು ಇಲಿಯಂಥ ಜೇನು.

"ಇದೇನ್ರೀ, ಹೂಕೋಸಾ?" ಅಂದರು ಆಂಡಾಳ್.

ಅವರು ಒಂದೊಂದೇ ಕಣ್ಣು ಮುಚ್ಚಿದರು. ಹೂಕೋಸು ಕರಗಿ ಕರಗಿ, ಕೊನೆಗೆ ತಿಳಿ ಹಳದಿಯ ಒಂದೇ ಒಂದು ಸಂಪಿಗೆ ಉಳಿಯಿತು. ಎಸಳಿನ ಅಂಚಿನಲ್ಲಿ ಬಣ್ಣ ಆಗತಾನೇ ಒಣಗಿದ ಹಾಗಿತ್ತು. ಆಂಡಾಳ್‌ಗೆ ಯಾಕೋ ಕಣ್ಣು ತುಂಬಿ ಬಂತು. ಬೆಳಿಗ್ಗೆ ತಾವು ಒತ್ತಿದ ಒಂದು ಗುಂಡಿಯಿಂದ ಇಷ್ಟೆಲ್ಲ ಆಯಿತಲ್ಲ ಅನ್ನಿಸಿತು.

"ರೀ, ಇದನ್ನೇ ಕಳಿಸಿ. ಅವರದ್ದೆಲ್ಲ ಮುಚ್ಚಿ ಕಳಿಸ್ಬಿಡಿ."

"ಮೋಸ ಆಗೋಲ್ವಾ?"

"ಅವರದ್ದು ಅಳಿಸ್ತಿಲ್ಲವಲ್ಲ. ಒಳಗೆ ಇದ್ದೇ ಇರುತ್ತೆ ತಾನೆ?"

ವೆಂಕಟಾಚಲ ಯೋಚಿಸಿದರು. ಆಮೇಲೆ ಮೂವತ್ತು ವರ್ಷದ ಸರ್ವಿಸು ಅವರ ನೆರವಿಗೆ ಬಂತು. "ಇರುತ್ತೆ" ಅಂದರು. "ಫೈಲ್‌ನಲ್ಲಿರುತ್ತೆ."

ನಾಲ್ಕು ಗಂಟೆಗೆ ಪ್ರೆಸ್ಸಿನ ಡಿಟಿಪಿ ಆಪರೇಟರ್ ಹರಿಕೃಷ್ಣ ಫೋನು ಮಾಡಿದ. "ಸಾರ್, ಫೋಟೋ ಥರ ಕಳಿಸ್ಬೇಡಿ. ಲೇಯರ್ ಸಮೇತ ಒರಿಜಿನಲ್ ಫೈಲೇ ಬೇಕು. ಟೈಟಲ್ ಕೂರ್ಸೋವಾಗ ಹಿಂದೆಮುಂದೆ ಮಾಡ್ಬೇಕಾಗುತ್ತೆ."

ಸರಿ ಅಂದರು. ಕಳಿಸೋಣ ಅಂತ ಕೂತರೆ ಗೇಟಿನ ಸದ್ದು. ಲಕ್ಷ್ಮೀಶ, ಪ್ರಸನ್ನ, ಹಿಂದೆಯೇ ಕಮಲಮ್ಮ. ಕಳಿಸುವ ಮುಂಚೆ ಒಮ್ಮೆ ನೋಡಿಬಿಡೋಣ ಅಂತ ಮೂವರಿಗೂ ಒಂದೇ ಹೊತ್ತಿಗೆ ಹೊಳೆದಿತ್ತು. ಆಂಡಾಳ್ ಕೋಡುಬಳೆ ತಟ್ಟೆ ತಂದಿಟ್ಟರು.

ಟ್ಯಾಬ್ ಮೊದಲು ಕಮಲಮ್ಮನ ಕೈಗೆ. ವೆಂಕಟಾಚಲ ಎಲೆ ತೆರೆದು ಕೊಟ್ಟರು. ಅವರಿಂದ ಪ್ರಸನ್ನನಿಗೆ ದಾಟಿಸುವಷ್ಟರಲ್ಲಿ ಎಲೆ ಮುಚ್ಚಿ ಜೇನು ತೆರೆದರು. ಲಕ್ಷ್ಮೀಶರ ಕೈಗೆ ಹೋಗುವಾಗ ಜೇನು ಹಾರಿಹೋಗಿ ಎಸಳು ಸಮ ಆಗಿತ್ತು. ಮೂವರೂ ತಲೆದೂಗಿದರು. ಕೆಲಸ ಗೆದ್ದೆ ಅಂತ ವೆಂಕಟಾಚಲ ಒಂದು ಕೋಡುಬಳೆ ಕೈಗೆತ್ತಿಕೊಂಡರು. ಅಷ್ಟರಲ್ಲಿ ಹೊರಗಿನಿಂದ ಬಂದ ಸುಪ್ರಜಾ, ಪಾಪ ಒಳ್ಳೆಯ ಮನಸ್ಸಿನಿಂದಲೇ, "ಅಷ್ಟು ಚಿಕ್ಕದರಲ್ಲಿ ಯಾಕೆ ಅಂಕಲ್, ಟೀವಿಲೇ ಹಾಕ್ತೀನಿ" ಅಂದಳು.

ಟೀವಿಯಲ್ಲಿ ಹೂವು ಬಂತು. ಪಕ್ಕದಲ್ಲಿ ಲೇಯರುಗಳ ಪಟ್ಟಿಯೂ ಬಂತು. ಕಮಲಮ್ಮ ಕೋಡುಬಳೆ ಬಿಟ್ಟು ಎದ್ದು ನಿಂತರು.

"ಅಯ್ಯೋ, ನನ್ನ ಹೆಸರಿದೆ ನೋಡಿ."

"ನಂದೂ ಇದೆ" ಅಂದ ಪ್ರಸನ್ನ.

ವೆಂಕಟಾಚಲ ಗಾಬರಿಯಲ್ಲಿ ಎಲ್ಲ ಕಣ್ಣುಗಳನ್ನೂ ತೆರೆದುಬಿಟ್ಟರು. ಟೀವಿ ತುಂಬ ಹೂಕೋಸು ನಿಂತಿತು. ಬೈಗುಳಕ್ಕೆ ಸಿದ್ಧರಾಗಿ ಅವರು ತಲೆ ತಗ್ಗಿಸಿದರು. ಆದರೆ ಆ ಮೂವರಲ್ಲಿ ಒಬ್ಬರೂ ಚಿತ್ರದ ಕಡೆ ನೋಡುತ್ತಿರಲಿಲ್ಲ. ಪಟ್ಟಿ ನೋಡುತ್ತಿದ್ದರು.

"ಇದೇನು ವೆಂಕಟಾಚಲ, ಪ್ರಸನ್ನನ ಹೆಸರು ಮೇಲಿದೆ, ನಂದು ಅದರ ಕೆಳಗೆ?" ಅಂದರು ಲಕ್ಷ್ಮೀಶ. "ಅಧ್ಯಕ್ಷ ನಾನು."

"ಆಮೇಲೆ ಬರೆದಿದ್ದು ಮೇಲೆ ಬರುತ್ತೆ ಸಾರ್."

"ವಯಸ್ಸಿಗಾದ್ರೂ ಮರ್ಯಾದೆ ಬೇಡ್ವಾ?" ಅಂದರು ಕಮಲಮ್ಮ. "ನಾನು ಅವರಿಬ್ಬರಿಗೂ ಕೆಳಗಿದೀನಿ."

ಪಂಕ್ತಿಯಲ್ಲಿ ಎಲೆ ತಪ್ಪಿದಾಗ ಆಗುವಂಥ ರಾದ್ಧಾಂತ ಹತ್ತು ನಿಮಿಷ ನಡೆಯಿತು. ಕೊನೆಗೆ ಆಂಡಾಳ್ ಒಳಗಿನಿಂದಲೇ "ಅಕಾರಾದಿಯಲ್ಲಿ ಇಟ್ಬಿಡಿ" ಅಂತ ತೀರ್ಪು ಕೊಟ್ಟರು. ವೆಂಕಟಾಚಲ ಬೆರಳಿನಿಂದ ಎಳೆದೆಳೆದು ಕೂರಿಸಿದರು: ಕಮಲಮ್ಮ, ದ್ರೌಪದಮ್ಮ, ಪ್ರಸನ್ನ, ಲಕ್ಷ್ಮೀಶ. ಎಲ್ಲಕ್ಕೂ ಕೆಳಗೆ ಲೇಯರ್ 2, ಲೇಯರ್ 1.

"ನಮ್ಮದೆಲ್ಲ ಹೋಗುತ್ತೆ ತಾನೆ?" ಅಂತ ಕೇಳಿದರು ಕಮಲಮ್ಮ.

"ಹೋಗುತ್ತೆ. ಎಲ್ಲಾ ಫೈಲ್‌ನಲ್ಲಿದೆ."

ಐದಕ್ಕೆ ಹತ್ತು ನಿಮಿಷವಿತ್ತು. ಚಾರ್ಜರ್ ಹುಡುಕುವ ನೆಪದಲ್ಲಿ ವೆಂಕಟಾಚಲ ಟ್ಯಾಬ್ ಎತ್ತಿಕೊಂಡು ಕೋಣೆಗೆ ಹೋದರು. ಲೇಯರ್ 1 ಒಂದನ್ನು ಬಿಟ್ಟು ಮಿಕ್ಕ ಎಲ್ಲದರ ಕಣ್ಣು ಮುಚ್ಚಿದರು. 'ಕಣ್ಣು ತೆರೆದಿರುವುದನ್ನು ಮಾತ್ರ ಮುದ್ರಿಸುವುದು' ಅಂತ ಕಚೇರಿಯ ಭಾಷೆಯಲ್ಲೇ ಒಂದು ಸಾಲು ಸೇರಿಸಿ ಫೈಲು ಕಳಿಸಿದರು. ಬಾಳಿನಲ್ಲಿ ಮೊದಲ ಸಲ ನಾಲ್ಕು ಜನರ ಮಾತು ಮೀರಿದ್ದರು. ಹೆದರಿಕೆಯೂ ಆಗುತ್ತಿತ್ತು, ಸಂತೋಷವೂ ಆಗುತ್ತಿತ್ತು.

ಹಾಲಿಗೆ ಬಂದು ಕೂತರು. ಬಂದ ಮೂವರೂ ಇನ್ನೂ ಎದ್ದು ಹೋಗಿರಲಿಲ್ಲ, ಎರಡನೇ ಕಾಫಿ ನಡೆದಿತ್ತು. ಆಗಲೇ ಫೋನು ಬಂತು. ಹರಿಕೃಷ್ಣ.

"ಸಾರ್, ಫೈಲು ಬಂತು. ಹೂವು ತುಂಬಾ ಚೆನ್ನಾಗಿದೆ. ಎರಡನೇ ಪುಟದಲ್ಲಿ 'ಮುಖಪುಟ ಚಿತ್ರ' ಅಂತಿದೆ. ಅಲ್ಲಿ ಯಾರ ಹೆಸರು ಹಾಕ್ಲಿ? ಅಧ್ಯಕ್ಷರು ನಿಮ್ಮನ್ನ ಕೇಳು ಅಂದ್ರು."

ಐವತ್ತೇಳು ವರ್ಷ ಕಾದ ಗಳಿಗೆ. ಒಂದೇ ಒಂದು ಪದ ಹೇಳಿದರೆ ಮುಗಿಯುತ್ತಿತ್ತು. ಆದರೆ ಎದುರಿಗೆ ಮೂರು ಜನ, ಮೂವರ ಕಿವಿಯೂ ಫೋನಿನ ಕಡೆ. ಅವರ ಮುಂದೆ ತಮ್ಮ ಹೆಸರನ್ನು ತಾವೇ ಹೇಳಿ, ಅದನ್ನೇ ಹಾಕಿ ಅನ್ನುವುದು ಹೇಗೆ? ನಾಲ್ಕು ಜನ ಏನಂದುಕೊಂಡಾರು? ಆಗ ನೆನಪಾದದ್ದು ಸಹಿ. ಮುಚ್ಚಿದ ಲೇಯರಿನಲ್ಲಿ ಅದು ಇದ್ದೇ ಇದೆಯಲ್ಲ.

"ಅದೂ... ಫೈಲ್‌ನಲ್ಲೇ ಇದೆಯಪ್ಪ" ಅಂದರು ತಗ್ಗಿದ ದನಿಯಲ್ಲಿ. "ಲೇಯರ್‌ಗಳನ್ನ ಒಂದ್ಸಲ ನೋಡು. ಹೆಸರು ಸಿಗುತ್ತೆ. ಹಾಗೇ ಹಾಕ್ಬಿಡು."

"ಲೇಯರ್‌ನಲ್ಲಾ? ಹಾಂ ಸಾರ್, ಸಿಕ್ತು ಸಿಕ್ತು. ಹಾಗೇ ಹಾಕ್ತೀನಿ."

"ಏನಂತೆ?" ಅಂದರು ಕಮಲಮ್ಮ.

"ಏನಿಲ್ಲ. ಎಲ್ಲಾ ಸರಿಯಾಗಿದೆಯಂತೆ."

ಆ ವಾರವೆಲ್ಲ ವೆಂಕಟಾಚಲ ಕಚೇರಿಯಲ್ಲಿ ಯಾರಿಗೂ ಫೈಲ್‌ನಲ್ಲಿದೆ ಅನ್ನಲಿಲ್ಲ. ಹುಡುಕಿ ಕೈಗೇ ಕೊಟ್ಟರು. ಜವಾನನೇ ಸಾರ್‌ಗೆ ಮೈ ಹುಷಾರಿಲ್ಲವೇನೋ ಅಂತ ಮಾತಾಡಿಕೊಂಡ.

ಭಾನುವಾರ ಸಮಾರಂಭ. ವೆಂಕಟಾಚಲ ಇಸ್ತ್ರಿ ಮಾಡಿದ ಪಂಚೆ ಉಟ್ಟು ಆಂಡಾಳ್ ಜೊತೆ ಎರಡನೇ ಸಾಲಿನಲ್ಲಿ ಕೂತರು. ಮುಖ್ಯ ಅತಿಥಿಗಳು ರಿಬ್ಬನ್ ಬಿಚ್ಚಿ ಸಂಚಿಕೆಯನ್ನು ಎತ್ತಿ ಹಿಡಿದರು. ಮುಖಪುಟದ ಮೇಲೆ ತಿಳಿ ಹಳದಿಯ ಒಂದೇ ಸಂಪಿಗೆ. ಎಲೆಯಿಲ್ಲ, ಜೇನಿಲ್ಲ, ಎಡದ ಎಸಳು ಮೂರು ಮಿಲಿಮೀಟರ್ ಜಾಸ್ತಿಯೇ ಇತ್ತು. ಅವರು ಬರೆದದ್ದು ಅವರು ಬರೆದ ಹಾಗೆಯೇ ಬಂದಿತ್ತು. ಆಂಡಾಳ್ ಗಂಡನ ಕೈ ಒತ್ತಿದರು.

ಪ್ರತಿಗಳು ಸಾಲು ಸಾಲಾಗಿ ಬಂದವು. ವೆಂಕಟಾಚಲ ಒಂದನ್ನು ತಗೊಂಡು, ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಎರಡನೇ ಪುಟ ತೆರೆದರು.

'ಮುಖಪುಟ ಚಿತ್ರ: ಕಮಲಮ್ಮ, ದ್ರೌಪದಮ್ಮ, ಪ್ರಸನ್ನ, ಲಕ್ಷ್ಮೀಶ.'

ಕಾಗುಣಿತ ಒಂದೂ ತಪ್ಪಿರಲಿಲ್ಲ. ಅಕಾರಾದಿಯೂ ಸರಿಯಾಗಿತ್ತು.

ಅವರು ಹೊರಗೆ ಓಡಿಬಂದು ಹರಿಕೃಷ್ಣನಿಗೆ ಫೋನು ಮಾಡಿದರು.

"ನೀವೇ ಹೇಳಿದ್ರಲ್ಲ ಸಾರ್, ಲೇಯರ್‌ನಲ್ಲಿ ಹೆಸರಿದೆ, ಹಾಗೇ ಹಾಕು ಅಂತ. ನಾಲ್ಕು ಹೆಸರಿತ್ತು, ನಾಲ್ಕೂ ಹಾಕಿದೀನಿ. ಲಕ್ಷ್ಮೀಶ ಸಾರ್‌ಗೂ ಪ್ರೂಫ್ ತೋರಿಸಿದೆ. ಬಹಳ ಸರಿಯಾಗಿದೆ ಅಂದ್ರು."

"ಇನ್ನೊಂದು ಇತ್ತಲ್ಲಪ್ಪ, ಲೇಯರ್ ಎರಡು. ಅದನ್ನ ತೆಗ್ದು ನೋಡ್ಲಿಲ್ವಾ?"

"ನೋಡಿದೆ ಸಾರ್. ಯಾವ್ದೋ ಹುಳ. ಜೇನಿನ ಜೊತೆ ಬರೆದಿದ್ದಿರಬೇಕು ಅಂತ ಡಿಲೀಟ್ ಮಾಡ್ದೆ. ಯಾಕೆ ಸಾರ್, ಬೇಕಿತ್ತಾ?"

ವೆಂಕಟಾಚಲ ಒಳಗೆ ಬರುವಾಗ ವೇದಿಕೆ ಮೇಲೆ ಮುಖಪುಟದ ಕಲಾವಿದರಿಗೆ ಶಾಲು ಹೊದಿಸುತ್ತಿದ್ದರು. ಲಕ್ಷ್ಮೀಶ ಕುತ್ತಿಗೆ ನೆಟ್ಟಗೆ ಮಾಡಿಕೊಂಡು ನಿಂತಿದ್ದರು. ಹೂವಿನ ಹಾರ ಕೊಡಲು ಬಂದಿದ್ದ ದ್ರೌಪದಮ್ಮನನ್ನೂ ಹಿಡಿದು ನಿಲ್ಲಿಸಿ ಶಾಲು ಹಾಕಿದ್ದರು. ಅವಳು ಮೇಲಿನಿಂದಲೇ ಇವರನ್ನು ಹುಡುಕಿ ನೋಡುತ್ತಿದ್ದಳು. ಆಮೇಲೆ ಪ್ರಸನ್ನ ಶಾಲು ಹೊದ್ದುಕೊಂಡೇ ಮೈಕಿನ ಮುಂದೆ ಬಂದು ವಂದನಾರ್ಪಣೆ ಓದಿದ. ಕುರ್ಚಿಯವರು, ಶಾಮಿಯಾನದವರು, ಮೈಕಿನವರು ಎಲ್ಲ ಆದ ಮೇಲೆ, "ಈ ಚಿತ್ರಕ್ಕೆ ತಮ್ಮ ಟ್ಯಾಬ್ ಒದಗಿಸಿಕೊಟ್ಟ ಶ್ರೀ ವೆಂಕಟೇಶ್ ಅವರಿಗೂ ವಂದನೆಗಳು" ಅಂದ. ಗಡಿಬಿಡಿಯಲ್ಲಿ ಯಾರೋ ಬರೆದುಕೊಟ್ಟ ಚೀಟಿ.

ಊಟದ ಸಾಲಿನಲ್ಲಿ ದ್ರೌಪದಮ್ಮ ಹತ್ತಿರ ಬಂದಳು. "ಸ್ವಾಮಿ, ನಾನು ಬಣ್ಣ ಕಮ್ಮಿ ಅಂದಿದ್ದು ಅಷ್ಟೇ. ನಾನ್ಯಾವಾಗ ಬರ್ದೆ?" ಅಂತ ಶಾಲನ್ನು ಮಡಿಸಿ ಅವರ ಕೈಗಿಡಲು ನೋಡಿದಳು. ಇಟ್ಕೊಳ್ಳಮ್ಮ, ನೀನು ಹೇಳಿದ್ದು ಸರಿಯಾಗೇ ಇತ್ತು ಅಂತ ವೆಂಕಟಾಚಲ ಅವಳನ್ನು ಸಮಾಧಾನ ಮಾಡಿದರು. ಅವರನ್ನು ಸಮಾಧಾನ ಮಾಡುವವರು ಯಾರೂ ಇರಲಿಲ್ಲ; ಆಂಡಾಳ್ ಪ್ರೆಸ್ಸಿನವನನ್ನು ಬೈಯುವುದರಲ್ಲಿದ್ದರು.

ಅಷ್ಟರಲ್ಲಿ ಕಮಲಮ್ಮ ಬಂದರು. ಮೈಮೇಲೆ ಶಾಲು, ಕೈಯಲ್ಲಿ ಐದು ಪ್ರತಿ. ಮುಖಪುಟವನ್ನು ಅಂಗೈಯಿಂದ ಸವರಿದರು.

"ನನ್ನ ಎಲೆ ಎಷ್ಟು ಚೆನ್ನಾಗಿ ಬಂದಿದೆ ನೋಡಿದ್ರಾ? ಹಸಿರು ಕಣ್ಣಿಗೆ ರಾಚ್ತಾನೇ ಇಲ್ಲ."

ವೆಂಕಟಾಚಲ ಎಲೆಯಿಲ್ಲದ ಹೂವನ್ನು ನೋಡಿದರು. "ರಾಚ್ತಿಲ್ಲ" ಅಂದರು.

ಕಮಲಮ್ಮನಿಗೆ ಅವರ ಸಪ್ಪೆ ಮುಖ ಕಂಡು ನಿಜವಾಗಿಯೂ ಕರುಳು ಚುರುಕ್ ಅಂದಿತು. ಹತ್ತಿರ ಬಂದು, ಮನೆಯ ಹುಡುಗನಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದರು.

"ಬೇಜಾರು ಮಾಡ್ಕೋಬೇಡಿ. ಬರೀ ಟ್ಯಾಬ್ ಕೊಟ್ಟು ಪಕ್ಕದಲ್ಲಿ ಕೂತಿದ್ರೆ ಯಾರ ಹೆಸರೂ ಬರೋಲ್ಲ. ಮುಂದಿನ ಸಲ ನಮ್ಮ ಜೊತೆ ನೀವೂ ಒಂದು ಎಸಳಾದ್ರೂ ಬರೀರಿ."

"ಆಗ್ಲಿ ಅಮ್ಮ, ಪ್ರಯತ್ನ ಮಾಡ್ತೀನಿ" ಅಂದರು ವೆಂಕಟಾಚಲ.